ಕಾರಿನೊಳಗಿನ ಮುನಿಸು

ಬೆಳಗಾವಿಯ ವಡಗಾವಿಯಲ್ಲಿ ದುಂಡಪ್ಪನ ಮನೆತನಕ್ಕೆ ಎರಡು ವಿಷಯಕ್ಕೆ ಹೆಸರಿತ್ತು. ಒಂದು ಅವರ ಮನೆಯ ಮಾವಿನಕಾಯಿ ಉಪ್ಪಿನಕಾಯಿ, ಇನ್ನೊಂದು ಅವರ ಮನೆಯ ಗಂಡಸರ ಮುನಿಸು. ಉಪ್ಪಿನಕಾಯಿ ಹಾಕುತ್ತಿದ್ದ ಮುದುಕಿ ತೀರಿಕೊಂಡು ಹತ್ತು ವರ್ಷವಾಯಿತು, ಭರಣಿಗಳೂ ಒಡೆದುಹೋದವು. ಮುನಿಸು ಮಾತ್ರ ಬೂಜು ಹಿಡಿಯದೆ, ಹುಳ ಬೀಳದೆ ಇವತ್ತಿಗೂ ಉಳಿದುಕೊಂಡಿದೆ.

ದುಂಡಪ್ಪನ ಅಪ್ಪ ಒಂದು ಮದುವೆಯಲ್ಲಿ ತುಪ್ಪ ಬಡಿಸುವವನು ಕೈ ಬಿಗಿ ಹಿಡಿದನೆಂದು ಎಲೆ ಬಿಟ್ಟು ಎದ್ದು, ಹುಣಸೆ ಮರದ ಕೆಳಗೆ ಒಂದೂವರೆ ದಿನ ಕುಳಿತಿದ್ದನಂತೆ. ಕೊನೆಗೆ ಇಡೀ ದಿಬ್ಬಣವೇ ಹೋಗಿ, ಕೈಮುಗಿದು, ಹಲಗೆ ಬಾರಿಸಿಕೊಂಡು ಅವನನ್ನು ಕರೆತಂದಿತ್ತು. ಆ ಅಪ್ಪನೇ ಮಗನಿಗೆ ಮುನಿಸಿನ ಶಾಸ್ತ್ರ ಕಲಿಸಿದ್ದು. ಮುನಿದವನನ್ನು ಮೂರು ಸಲ ಕರೆಯಬೇಕು. ಮೊದಲೆರಡು ಸಲ ಒಲ್ಲೆ ಅನ್ನಲೇಬೇಕು, ಇಲ್ಲದಿದ್ದರೆ ಹಸಿದವನೆಂದು ತಿಳಿದಾರು. ಮೂರನೆಯ ಸಲ ಕರೆಯುವವರು ತೋಳು ಹಿಡಿದು ಎಳೆದಾಗ ಮೈ ಏಳಬೇಕು, ಮುಖ ಮಾತ್ರ ಇಳಿಬಿಟ್ಟಿರಬೇಕು. ಇಷ್ಟೇ ಶಾಸ್ತ್ರ. ಊರಿನ ಕ್ಯಾಂಪ್ ಭಾಗದ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾದ ದುಂಡಪ್ಪ ಇದನ್ನು ಸರಕಾರಿ ಸುತ್ತೋಲೆಗಿಂತ ಹೆಚ್ಚು ಶ್ರದ್ಧೆಯಿಂದ ಪಾಲಿಸಿಕೊಂಡು ಬಂದವನು. ಅರವತ್ತೊಂದು ವರ್ಷದಲ್ಲಿ ಹದಿನಾಲ್ಕು ಮದುವೆ, ಮೂರು ಗೃಹಪ್ರವೇಶ, ಒಂದು ತೊಟ್ಟಿಲ ಕಾರ್ಯದಲ್ಲಿ ಮುನಿದಿದ್ದ. ಒಮ್ಮೆಯೂ ಮೂರನೆಯ ಕರೆ ತಪ್ಪಿರಲಿಲ್ಲ.

ಆದರೆ ಈ ಸಲ ಅವನು ಮುನಿಯಬಾರದೆಂದೇ ಹೊರಟಿದ್ದ. ಮದುವೆ ತಂಗಿ ನಾಗರತ್ನಾಳ ಮಗಳು ಪದ್ಮಶ್ರೀಯದು. ದುಂಡಪ್ಪನಿಗೆ ಮಕ್ಕಳಿಲ್ಲ. ನಂದಗಡದ ಈ ಹುಡುಗಿ ಕಾನೂನು ಓದಲು ಬಂದು ಐದು ವರ್ಷ ಅವನ ಮನೆಯಲ್ಲೇ ಇದ್ದಳು. ಅವಳಿಗೆ ಸ್ಕೂಟರ್ ಕಲಿಸಿದವನು ಅವನು, ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ಒದ್ದೆ ಅರಿವೆ ಹಾಕಿದವನೂ ಅವನೇ. ಸೋದರಮಾವ ಅಂತ ಇರುವವನೂ ಅವನೊಬ್ಬನೇ. ಮುಹೂರ್ತದ ಅಕ್ಕಿಕಾಳು ಬೀಳುವ ಮೊದಲು ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಆ ನಾಲ್ಕು ಹೆಜ್ಜೆಗಾಗಿ ದುಂಡಪ್ಪ ಆರು ತಿಂಗಳಿಂದ ಕಾದಿದ್ದ. ಅದಕ್ಕೆಂದೇ ರೇಶಿಮೆ ಧೋತರ ತಂದಿದ್ದ, ದಸರೆಗೆ ಬಿಳಿ ಕಾರು ಕೊಂಡಿದ್ದ. ಅವಳನ್ನು ಗಂಡನ ಮನೆಗೆ ಇದರಲ್ಲೇ ಕಳಿಸುವುದೆಂದು ಓಣಿಯ ತುಂಬ ಹೇಳಿಕೊಂಡು ತಿರುಗಿದ್ದ.

ಎಲ್ಲ ಕೆಟ್ಟದ್ದು ಒಂದು ಫೇಟಾದಿಂದ.

ಖಾನಾಪುರದ ಮಂಗಲ ಕಾರ್ಯಾಲಯದಲ್ಲಿ ಮದುವೆಯ ಹಿಂದಿನ ಸಂಜೆ ಪಾರಿಶ್ವಾಡದ ಬೀಗರನ್ನು ಎದುರುಗೊಳ್ಳುವ ಕಾರ್ಯಕ್ರಮ. ಹೆಣ್ಣಿನ ಕಡೆಯ ಗಂಡಸರಿಗೆಲ್ಲ ಕೇಸರಿ ಫೇಟಾ ಸುತ್ತಲು ತ್ರ್ಯಂಬಕ ಎಂಬುವನನ್ನು ಕರೆಸಿದ್ದರು. ಅವನು ಬಾಯಲ್ಲಿ ಪಿನ್ನು ಕಚ್ಚಿಕೊಂಡು ನಿಮಿಷಕ್ಕೊಂದು ತಲೆಯಂತೆ ಸುತ್ತುತ್ತ ಹೋದ. ದೊಡ್ಡವರಿಗೆ ಕೊನೆಗೆ ಸುತ್ತುವುದು ಮರ್ಯಾದೆ ಎಂದು ದುಂಡಪ್ಪ ಬೇಕೆಂದೇ ಹಿಂದೆ ಹಿಂದೆ ಸರಿದು ನಿಂತ. ಅವನ ಪಾಳಿ ಬರುವಷ್ಟರಲ್ಲಿ ಬಟ್ಟೆ ತೀರಿತ್ತು.

"ಕಪಡಾ ಸಂಪಲಾ, ಮಾಮಾ," ಎಂದ ತ್ರ್ಯಂಬಕ. "ಏನ ಫರಕ ಆಗಂಗಿಲ್ಲ, ರೆಡಿಮೇಡ್ ಐತಿ." ಎಂದವನೇ ಚೀಲದಿಂದ ಹೊಲಿದ ಫೇಟಾ ಒಂದನ್ನು ತೆಗೆದು ದುಂಡಪ್ಪನ ತಲೆಯ ಮೇಲೆ ಕುಕ್ಕಿಬಿಟ್ಟ. ಅದು ಕಿವಿಯವರೆಗೂ ಇಳಿಯಲಿಲ್ಲ. ನೆತ್ತಿಯ ಮೇಲೆ, ಗಡಿಗೆಯ ಮೇಲೆ ಮುಚ್ಚಳ ಇಟ್ಟಂತೆ ಕುಳಿತುಕೊಂಡಿತು. ಯಾರೋ ಕಿಸಕ್ಕೆಂದರು. ದುಂಡಪ್ಪ ಅದನ್ನು ತೆಗೆದು ಕುರ್ಚಿಯ ಮೇಲಿಟ್ಟ. ಹೊರಗೆ ನಡೆದು ಕಾರಿನೊಳಗೆ ಕುಳಿತು ಬಾಗಿಲು ಧಡಕ್ಕನೆ ಹಾಕಿಕೊಂಡ.

ಕಾರನ್ನು ಮೊದಲೇ ಗೇಟಿನ ಎದುರಿಗೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ನಿಲ್ಲಿಸಿದ್ದ. ಮುನಿಸಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಅಂದುಕೊಂಡ. ಪಾಪ, ಎಡವಿದ್ದು ಅಲ್ಲೇ! ಅವನಪ್ಪ ಹುಣಸೆ ಮರದ ಕೆಳಗೆ ಕುಳಿತಾಗ ಹೋಗಿಬರುವವರಿಗೆಲ್ಲ ಅವನ ಇಳಿಬಿದ್ದ ಮುಖ ಕಾಣುತ್ತಿತ್ತು. ಈಗ ಗೇಟಿನ ಝಗಮಗ ಸೀರಿಯಲ್ ದೀಪವೆಲ್ಲ ಕಾರಿನ ಗಾಜಿನ ಮೇಲೆ ಹೊಳೆಯುತ್ತಿತ್ತೇ ಹೊರತು ಒಳಗೆ ಮನುಷ್ಯ ಇದ್ದಾನೋ ಕುಂಬಳಕಾಯಿ ಇದೆಯೋ ಯಾರಿಗೂ ತಿಳಿಯುವಂತಿರಲಿಲ್ಲ. ಬೀಗರ ಕಡೆಯ ಹುಡುಗರು ಬಂದು ಅದೇ ಗಾಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡರು. ಒಬ್ಬ ಹಲ್ಲಿನ ಸಂದಿಯಲ್ಲಿ ಸಿಕ್ಕ ಕೊತ್ತಂಬರಿ ತೆಗೆದ, ಅದೂ ದುಂಡಪ್ಪನ ಮೂಗಿನಿಂದ ಒಂದು ಗೇಣು ದೂರದಲ್ಲಿ. ರೇಗಿಹೋದ ದುಂಡಪ್ಪ ಒಳಗಿನ ದೀಪ ಹಾಕಿ, ಮುಖವನ್ನು ಆದಷ್ಟು ನೊಂದಂತೆ ಮಾಡಿಕೊಂಡು ಕುಳಿತ. ಹತ್ತು ನಿಮಿಷಕ್ಕೆ ಬ್ಯಾಟರಿ ಇಳಿದೀತೆಂಬ ಹೆದರಿಕೆ ಹುಟ್ಟಿ ಆರಿಸಿದ.

ಒಂಬತ್ತಕ್ಕೆ ಹೆಂಡತಿ ಗಂಗಾದೇವಿ ಬಂದಳು. ಮೂವತ್ತೆರಡು ವರ್ಷ ಈ ಮುನಿಸುಗಳ ಜೊತೆ ಬಾಳಿದ ಹೆಂಗಸು.

"ಬರ್ರಿ, ಊಟಕ್ಕ ಏಳ್ರಿ. ಮಂಡಿಗಿ ಮಾಡ್ಯಾರ."

"ನನಗ ಹಸಿವಿಲ್ಲ. ತಲಿ ಮ್ಯಾಲ ಸಣ್ಣ ಹುಡುಗರ ಟೊಪಗಿ ಇಟ್ಟ ಮಂದಿ ಮನ್ಯಾಗ ನಾ ನೀರೂ ಕುಡ್ಯಾಂಗಿಲ್ಲ."

"ಬೆಳಗಿನ ಮಟಾ ಸಿಟ್ಟ ಮುಗಸ್ರಿ. ಹುಡುಗಿ ಮದುವಿ ಐತಿ," ಎಂದು ಗಂಗಾದೇವಿ ಹೋಗಿ ಉಂಡು ಮಲಗಿದಳು.

ಹನ್ನೊಂದಕ್ಕೆ ಹುಡುಗಿಯ ಅಪ್ಪ ಓಂಕಾರಪ್ಪ ಬಂದ. ಕೈಯಲ್ಲಿ ಮೂರು ಬೀಗದ ಕೈ, ಕಿವಿಗೆ ಫೋನು, ಕಂಕುಳಲ್ಲಿ ಬಾಳೆ ಎಲೆಯ ಕಟ್ಟು. "ದುಂಡಪ್ಪನವರ, ತಪ್ಪ ಆಗೇತ್ರಿ, ಒಳಗ ಬರ್ರಿ," ಎಂದ. ದುಂಡಪ್ಪ ಶಾಸ್ತ್ರಕ್ಕೆ ಸರಿಯಾಗಿ ಒಲ್ಲೆ ಎಂದ. ಅಷ್ಟರಲ್ಲಿ ಅಡಿಗೆಯವರು ಗ್ಯಾಸು ತೀರಿತೆಂದು ಕೂಗಿದರು, ಓಂಕಾರಪ್ಪ ಓಡಿದ. ಎರಡಾಯಿತು, ಎಂದು ದುಂಡಪ್ಪ ಬೆರಳು ಮಡಿಚಿದ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮೂರನೆಯದೂ ಬಂದೇ ಬರುತ್ತದೆ.

ಹೊಟ್ಟೆ ಚುರುಗುಡುತ್ತಿತ್ತು. ಗಾಜು ಇಳಿಸಿದರೆ ಸೊಳ್ಳೆ, ಏರಿಸಿದರೆ ಸೆಕೆ. ಸೀಟು ಹಿಂದಕ್ಕೆ ಮಲಗಿಸಿದರೆ ಸೊಂಟಕ್ಕೆ ಬೆಲ್ಟಿನ ಕೊಂಡಿ ಚುಚ್ಚುತ್ತಿತ್ತು. ರೇಶಿಮೆ ಧೋತರ ಮುದುಡಿ ಮುದ್ದೆಯಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಇವನಿಗೆ ಹಿಟ್ಟೂ ಇರಲಿಲ್ಲ, ಹೂವೂ ಇರಲಿಲ್ಲ.

ಒಂದು ಗಂಟೆಯ ಸುಮಾರಿಗೆ ಗಾಜಿನ ಮೇಲೆ ಟಕಟಕ ಸದ್ದು. ದುಂಡಪ್ಪ ಸೀಟು ನೆಟ್ಟಗೆ ಮಾಡಿಕೊಂಡ. ನೋಡಿದರೆ ನಿಂಗವ್ವ, ಓಂಕಾರಪ್ಪನ ಎಂಬತ್ತು ವರ್ಷದ ಸೋದರತ್ತೆ. ಮನೆಗೆ ಹಿರಿಯಳು! ಇಂಥವಳು ಕರೆದರೆ ಅದು ಹತ್ತು ಕರೆಗೆ ಸಮ. ಅವನು ಮುಖ ಇಳಿಬಿಟ್ಟು ಗಾಜು ಇಳಿಸಿದ.

"ದುಂಡಪ್ಪಾ, ಇದರಾಗ ಎಸಿ ಐತೇನಪಾ?"

"ಐತಿ."

"ಹಂಗಾರ ಹಿಂದಿನ ಬಾಗಲಾ ತಗಿ. ಒಳಗ ಗುಂಯ್ ಅಂತ ಗುಂಗಾಡ ಹರಕೊಂಡ ತಿನ್ನಾಕ ಹತ್ಯಾವು. ನೀ ಭಾಳ ಶಾಣ್ಯಾ ನೋಡು, ಮೊದಲ ಬಂದ ಜಾಗಾ ಹಿಡದಿ."

ನಿಂಗವ್ವ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಎಸಿ ಹಾಕಿಸಿ, ಐದು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದಳು. ದುಂಡಪ್ಪ ಬೆಳಗಿನವರೆಗೂ ಎಸಿ ಹಾಕುತ್ತ ಆರಿಸುತ್ತ, ಆರಿಸಿದಾಗಲೆಲ್ಲ ಅವಳಿಂದ "ಹಾಕಪಾ, ಹಾಕು" ಎನ್ನಿಸಿಕೊಳ್ಳುತ್ತ, ಕೋಳಿನಿದ್ದೆ ಮಾಡಿದ. ನಸುಕಿನಲ್ಲಿ ಎದ್ದ ಮುದುಕಿ ಒಳಗೆ ಹೋಗಿ, ಚಹ ಕುಡಿಯುತ್ತಿದ್ದವರಿಗೆಲ್ಲ ಸಾರಿಬಿಟ್ಟಳು: "ದುಂಡಪ್ಪ ಗಾಡ್ಯಾಗ ಭಾಳ ಆರಾಮ ಮಲಗಿದ್ದ. ನನಗೂ ಜಾಗಾ ಕೊಟ್ಟ, ದೇವರಂಥಾ ಮನಶ್ಯಾ." ಸಿಟ್ಟು ಮಾಡಿಕೊಂಡಿದ್ದಾನೆಂದು ಅಷ್ಟೋ ಇಷ್ಟೋ ಗೊತ್ತಿದ್ದವರೂ ಇದನ್ನು ಕೇಳಿ ನಿಶ್ಚಿಂತರಾದರು.

ದುಂಡಪ್ಪ ಬಾಟಲಿ ನೀರಿನಲ್ಲಿ ಮುಖ ತೊಳೆದ. ಯಾರೂ ನೋಡದ ಹೊತ್ತು ಸಾಧಿಸಿ ರಸ್ತೆಯ ಆಚೆ ಬದಿಯ ಅಂಗಡಿಯಲ್ಲಿ ಒಂದು ಚಹ, ಎರಡು ಬನ್ನು ನುಂಗಿ, ಈ ನಡುವೆ ಕರೆಯುವವರು ಬಂದು ಹೋದರೋ ಏನೋ ಎಂದು ಓಡೋಡಿ ಬಂದು ಮತ್ತೆ ಕುಳಿತ. ಹತ್ತಾಯಿತು, ಹನ್ನೊಂದಾಯಿತು. ಬ್ಯಾಂಡಿನವರು ಬಂದರು. ಹೊತ್ತು ಹೋಗದೆ ಕುಳಿತವನಿಗೆ ಹಳೆಯ ಹೆಡ್ ಕ್ಲಾರ್ಕ್ ಬುದ್ಧಿ ಚಿಗುರಿತು. ಹೆಂಡತಿ ಕರೆದದ್ದು ಕರೆಯೇ? ಅವಳು ನನ್ನ ಕಡೆಯವಳು. ಅದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಆಗಿರುವುದು ಒಂದೇ, ಇನ್ನೂ ಎರಡು ಬರಬೇಕು. ಹೀಗೆ ತನ್ನ ಫೈಲಿಗೆ ತಾನೇ ತಕರಾರು ಹಾಕಿಕೊಂಡು, ಮಡಿಚಿದ ಎರಡು ಬೆರಳಲ್ಲಿ ಒಂದನ್ನು ಬಿಚ್ಚಿದ. ಅಯ್ಯೋ ಮಂಕೇ, ಆ ಬೆರಳೊಂದು ಸುಮ್ಮನಿದ್ದಿದ್ದರೆ!

ಹನ್ನೆರಡು ಹತ್ತಕ್ಕೆ ಕಾರ್ಯಾಲಯದಿಂದ ಪದ್ಮಶ್ರೀ ಬಂದಳು. ಹಸಿರು ಜರಿ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಹಣೆಗೆ ಕಟ್ಟಿದ ಹೂವಿನ ದಂಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಒಬ್ಬಳೇ, ಬಿಸಿಲಿನಲ್ಲಿ. ದುಂಡಪ್ಪನ ಕಣ್ಣು ತುಂಬಿ ಬಂತು. ಇಷ್ಟು ಚೆಂದ ಕಾಣುತ್ತಿದ್ದಾಳಲ್ಲ ನಮ್ಮ ಹುಡುಗಿ ಅನ್ನಿಸಿತು. ಆದರೂ ಮುಖ ಇಳಿಬಿಡುವುದನ್ನು ಮರೆಯಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಈ ಪದ್ಮಶ್ರೀ ಆಡಿದ ಮಾತನ್ನು ಆಡಿದ ಹಾಗೆಯೇ ತೆಗೆದುಕೊಳ್ಳುವವಳು. ಎಂಟು ವರ್ಷದವಳಿದ್ದಾಗ ದುಂಡಪ್ಪ ಅವಳನ್ನು ಕ್ಯಾಂಪಿಗೆ ಕರೆದೊಯ್ದು ಎರಡು ಐಸ್‌ಕ್ರೀಮ್ ಕೊಂಡು, ಅವಳು "ತಗೋರಿ ಮಾಮಾ" ಎಂದಾಗ ಉಪಚಾರಕ್ಕೆ "ನನಗ ಬ್ಯಾಡ" ಎಂದಿದ್ದ. ಅವಳು ಎರಡನ್ನೂ ತಿಂದು ಕೈ ತೊಳೆದುಕೊಂಡಿದ್ದಳು. ಅದರ ಮೇಲೆ ಕಾನೂನು ಬೇರೆ ಓದಿದ್ದಳು.

"ಮಾಮಾ, ಮುಹೂರ್ತಕ್ಕ ಇಪ್ಪತ್ತ ನಿಮಿಷ ಉಳದಾವ್ರಿ. ಬರ್ರಿ, ನನ್ನ ಕೈ ಹಿಡದ ಕರಕೊಂಡ ಹೋಗ್ರಿ."

ದುಂಡಪ್ಪನ ಮೈಯೆಲ್ಲ ಎದ್ದು ನಿಂತಿತು, ಕೈ ಬಾಗಿಲಿನ ಹಿಡಿಕೆಗೆ ಹೋಗಿತ್ತು. ಆದರೆ ನಾಲಿಗೆ ಅಪ್ಪನ ಶಾಲೆಯದು. ಇದು ಎರಡನೆಯ ಕರೆ, ಎಂದಿತು ಅದು. ಇದಕ್ಕೇ ಎದ್ದರೆ ಮರ್ಯಾದೆ ಏನುಳಿಯಿತು? ಇವಳು ಹೋಗಿ ಹೇಳುತ್ತಾಳೆ, ಹಿರಿಯರೆಲ್ಲ ಬರುತ್ತಾರೆ, ಬ್ಯಾಂಡಿನವರೂ ಬರುತ್ತಾರೆ.

"ನಾ ಬರಂಗಿಲ್ಲ," ಎಂದ ದುಂಡಪ್ಪ. "ಮಾಮಾ ಯಾಕ ಬೇಕ ನಿಮಗ? ಆ ರೆಡಿಮೇಡ್ ಟೊಪಗಿ ಐತೆಲ್ಲ, ಅದನ್ನ ಕರಕೊಂಡ ಹೋಗ್ರಿ."

ಪದ್ಮಶ್ರೀ ಅವನ ಮುಖವನ್ನು ಒಂದು ಕ್ಷಣ ನೋಡಿದಳು. "ಖರೇನ್ರಿ ಮಾಮಾ?"

"ಖರೇ."

"ಆತ್ರಿ," ಎಂದಳು. ನೆರಿಗೆ ಎತ್ತಿಕೊಂಡು ಹೊರಟುಹೋದಳು.

ದುಂಡಪ್ಪ ಧೋತರದ ಮುದುಡು ಸರಿಮಾಡಿಕೊಂಡು, ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಮೂರನೆಯ ಕರೆಗೆ ಸಿದ್ಧನಾಗಿ ಕುಳಿತ. ಐದು ನಿಮಿಷವಾಯಿತು, ಹತ್ತಾಯಿತು. ಬ್ಯಾಂಡು ಜೋರಾಯಿತು, ಆದರೆ ಇತ್ತ ಬರಲಿಲ್ಲ. ಆಗ ಮುಂದಿನ ಗಾಜಿನಿಂದ, ಅಗಲವಾಗಿ ತೆರೆದಿದ್ದ ಕಾರ್ಯಾಲಯದ ಬಾಗಿಲಿನ ಒಳಗೆ ಅವನಿಗೆ ಎಲ್ಲ ಕಂಡಿತು. ಪದ್ಮಶ್ರೀ ಪಕ್ಕದ ಕೋಣೆಯಿಂದ ಹೊರಬರುತ್ತಿದ್ದಳು. ಅವಳ ಕೈ ಹಿಡಿದಿದ್ದವಳು ನಾಗರತ್ನಾ, ಅವನ ತಂಗಿ. ನಾಗರತ್ನಾಳ ತಲೆಯ ಮೇಲೆ ಆ ಹೊಲಿದ ಕೇಸರಿ ಫೇಟಾ ಇತ್ತು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕುಳಿತಿತ್ತು. ಮಂದಿ ಸಿಳ್ಳೆ ಹಾಕುತ್ತಿದ್ದರು, ತ್ರ್ಯಂಬಕ ಮೊಬೈಲ್ ಎತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದ. ತಾಯಿ ಮಗಳು ಇಬ್ಬರೂ ನಗುತ್ತಿದ್ದರು, ನಾಗರತ್ನಾ ನಡುನಡುವೆ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಏ ನಿಲ್ಲ್ರೋ! ಬರಾಕತ್ತೇನಿ!" ಎಂದು ಕೂಗಿ ದುಂಡಪ್ಪ ಬಾಗಿಲು ತೆಗೆದು ಇಳಿದ. ರಾತ್ರಿಯಿಡೀ ಮಡಿಚಿಟ್ಟ ಕಾಲು ಜೋಮು ಹಿಡಿದಿತ್ತು. ಎರಡು ಹೆಜ್ಜೆಗೆ ಕುಸಿದು ಬಾನೆಟ್ ಹಿಡಿದುಕೊಂಡ. ಕುಂಟುತ್ತ, ಕಾಲನ್ನು ಕೈಯಿಂದ ಗುದ್ದುತ್ತ, ಚಪ್ಪಲಿ ಒಂದನ್ನು ಗೇಟಿನಲ್ಲೇ ಬಿಟ್ಟು ಅವನು ಬಾಗಿಲು ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದಾಗಿತ್ತು. ಯಾರೋ ಅವನ ಅಂಗೈಗೆ ನಾಲ್ಕು ಕಾಳು ಹಾಕಿದರು. ಅವನು ಬೀಸಿ ಎಸೆದ. ಅವು ವಿಡಿಯೋ ತೆಗೆಯುವವನ ಬೆನ್ನಿಗೆ ಬಿದ್ದವು.

ಮಧ್ಯಾಹ್ನ ನಾಲ್ಕಕ್ಕೆ ಹೆಣ್ಣು ಕಳಿಸುವ ಹೊತ್ತು. ದುಂಡಪ್ಪ ಕಾರಿನ ಬಳಿ ನಿಂತಿದ್ದ. ಪದ್ಮಶ್ರೀ ಬಂದು ಕಾಲು ಮುಟ್ಟಿ ನಮಸ್ಕರಿಸಿದಳು.

"ನಾನು... ನೀ ಇನ್ನೊಮ್ಮಿ ಕರೀತಿ ಅಂತ ತಿಳದಿದ್ನಿ," ಎಂದ.

"ಒಮ್ಮಿ ಕರದ್ನೆಲ್ಲರಿ ಮಾಮಾ. ಮನಸಿನಿಂದ ಕರದಿದ್ನಿ," ಎಂದಳು ಪದ್ಮಶ್ರೀ. ಅವಳ ಕಣ್ಣಲ್ಲೂ ನೀರಿತ್ತು, ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ದುಂಡಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಕಣ್ಣೊರೆಸಿಕೊಂಡು ಅವಳು ಮೆತ್ತಗೆ ಹೇಳಿದಳು, "ಮಾಮಾ, ಗಾಡಿ ಒಂದೀಟ ಹಿಂದ ತಗೀರಿ. ನಮ್ಮ ಗಾಡಿ ಹೊರಗ ಹೋಗಾಕ ದಾರಿ ಇಲ್ಲ."

ದುಂಡಪ್ಪ ಕುಳಿತು ಕಾರನ್ನು ಹಿಂದಕ್ಕೆ ತೆಗೆದ. ಪಾರಿಶ್ವಾಡದವರ ಹೂವಿನ ಕಾರು ಮುಂದೆ ಹಾದು ಹೋಯಿತು. ಸೋದರಮಾವನಾಗಿ ಆ ಮದುವೆಯಲ್ಲಿ ಅವನು ಮಾಡಿದ ಕೆಲಸ ಅದೊಂದೇ.

ಗಂಡ ಹೆಂಡತಿ ಕಾರಿನಲ್ಲಿ ಬೆಳಗಾವಿಯ ದಾರಿ ಹಿಡಿದರು. ಅರ್ಧ ದಾರಿಗೆ ಗಂಗಾದೇವಿ ತೊಡೆಯ ಮೇಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, "ಉಣ್ತೀರೇನು?" ಎಂದು ಕೇಳಿದಳು.

ಒಲ್ಲೆ ಎನ್ನಲು ಬಾಯಿ ತೆರೆದಿದ್ದ ದುಂಡಪ್ಪ, ಡಬ್ಬಿ ಮತ್ತೆ ಮುಚ್ಚಲು ಸಿದ್ಧವಾಗಿ ಮುಚ್ಚಳ ಹಿಡಿದಿದ್ದ ಅವಳ ಕೈ ನೋಡಿದ. ಕಾರನ್ನು ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದ.

"ಉಣ್ತೀನಿ," ಎಂದ. "ಕೊಡು."

"ಮಂಡಿಗಿ ಮುಗದಾವ್ರಿ," ಎಂದಳು ಗಂಗಾದೇವಿ. "ಅನ್ನಾ ಸಾರ ಐತಿ."