ಕಿಟಕಿ ಪಕ್ಕದ ಕೊಕ್ಕೆ

ಆ ಮೇಸ್ತ್ರಿ ಕಟ್ಟಿದ ಮನೆಯನ್ನು ಗುರುತಿಸುವುದು ಸುಲಭ. ಗೋಡೆ ಮಣ್ಣಿನ ಬಣ್ಣದ್ದಾಗಿರುತ್ತದೆ, ಒಳಗೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಮತ್ತು ಪ್ರತಿ ಕೋಣೆಯ ಚಾವಣಿಯಲ್ಲೂ ಯಾರೂ ಕೇಳದ ಒಂದು ಕಬ್ಬಿಣದ ಕೊಕ್ಕೆ ಹೆಚ್ಚಿಗೆ ಇರುತ್ತದೆ. ಫ್ಯಾನಿಗೆಂದು ನಡುವೆ ಹಾಕುತ್ತಾರಲ್ಲ, ಅದಲ್ಲ. ಇನ್ನೊಂದು, ಕಿಟಕಿಯ ಪಕ್ಕಕ್ಕೆ. ಮನೆಯವರು ಅದಕ್ಕೆ ಬಟ್ಟೆಯ ಹಗ್ಗ ಕಟ್ಟುತ್ತಾರೆ, ಈರುಳ್ಳಿ ಬುಟ್ಟಿ ನೇತುಹಾಕುತ್ತಾರೆ. ಒಬ್ಬ ಪುಣ್ಯಾತ್ಮ ತನ್ನ ಸೈಕಲ್ಲನ್ನೇ ನೇತುಹಾಕಿದ್ದಾನೆ. "ಇದ್ಯಾಕಪ್ಪ ಇಲ್ಲಿ?" ಎಂದು ಕೇಳಿದರೆ ಮೇಸ್ತ್ರಿ, "ಇರ್ಲಿ ಬಿಡಿ, ಅದೇನು ಊಟ ಕೇಳುತ್ತಾ?" ಎಂದು ಕರಣೆ ಒರೆಸಿಕೊಳ್ಳುತ್ತಾನೆ. ಬೆನ್ನ ಹಿಂದೆ ಜನ ಅವನನ್ನು ಕೊಕ್ಕೆ ಮೇಸ್ತ್ರಿ ಎನ್ನುತ್ತಾರೆ.

ಅವನು ಕಟ್ಟಿದ ಮನೆಗಳಲ್ಲಿ ಆ ಕೊಕ್ಕೆ ಇಲ್ಲದಿರುವುದು ಒಂದೇ ಒಂದರಲ್ಲಿ. ಅದು ಅವನ ತಂಗಿಯ ಮನೆ, ಈ ಬಗೆಯಲ್ಲಿ ಅವನು ಕಟ್ಟಿದ ಮೊದಲನೆಯದು.

ತಂಗಿ ಬಟ್ಟೆ ಹೊಲಿಯುವವಳು, ಅವಳ ಗಂಡ ಬಸ್ಸಿನ ಡ್ರೈವರ್. ತಂದೆತಾಯಿ ಬೇಗ ಹೋಗಿಬಿಟ್ಟಿದ್ದರಿಂದ ಮೇಸ್ತ್ರಿಯೇ ಅವಳನ್ನು ಸಾಕಿದ್ದ. ಯಾವ ಶಾಲೆ, ಯಾವ ಚಪ್ಪಲಿ, ಯಾವ ಹುಡುಗ, ಎಲ್ಲವನ್ನೂ ಅವನೇ ತೀರ್ಮಾನಿಸಿದ್ದ. ಅವಳ ಪರವಾಗಿ ಯೋಚಿಸುವುದು ಅವನಿಗೆ ಉಸಿರಾಡಿದಷ್ಟೇ ರೂಢಿ. ಉಸಿರಾಡುವಾಗ ಯಾರಾದರೂ ಅನುಮತಿ ಕೇಳುತ್ತಾರೆಯೇ? ಅವನನ್ನು ಪೂರ್ತಿ ಬೈಯುವುದಕ್ಕೂ ಮನಸ್ಸಾಗುವುದಿಲ್ಲ.

ಬಾಡಿಗೆ ಮನೆಯ ಸಹವಾಸ ಸಾಕಾಗಿ ಅವಳು ಒಂದು ಪುಟ್ಟ ನಿವೇಶನ ಕೊಂಡಳು. ಕೈಯಲ್ಲಿ ಉಳಿದ ದುಡ್ಡಿಗೆ ಸುಟ್ಟ ಇಟ್ಟಿಗೆಯಲ್ಲಿ ಅರ್ಧ ಮನೆ ಏಳುತ್ತಿತ್ತು. ಅಣ್ಣನ ದಾರಿಯಲ್ಲಿ ಇಡೀ ಮನೆ. ಅವನು ಪಾಯ ತೋಡಿದ ಮಣ್ಣನ್ನೇ ಜರಡಿ ಹಿಡಿದು, ಹಿಡಿಯಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುತ್ತಿದ್ದ. ಗೂಡಿಲ್ಲ, ಸೌದೆಯಿಲ್ಲ, ಹೊಗೆಯಿಲ್ಲ. ಗೋಣಿಚೀಲ ಹೊದಿಸಿ ದಿನಾ ನೀರು ಚಿಮುಕಿಸಿದರೆ ಅವು ತಮ್ಮ ಪಾಡಿಗೆ ಗಟ್ಟಿಯಾಗುತ್ತಿದ್ದವು. ಎದುರು ಮನೆಯವನು ಬಂದು ನೋಡಿ, "ಮೊದಲ್ನೇ ಮಳೆಗೇ ಮನೆ ಚರಂಡಿಗೆ ಹೋಗುತ್ತೆ, ಹಿಂದೇನೇ ನೀವೂ ಹೋಗಿ," ಎಂದು ನಕ್ಕ. ತಂಗಿ ಯಂತ್ರದ ಉದ್ದ ಹಿಡಿಯನ್ನು ಎರಡೂ ಕೈಯಲ್ಲಿ ಜಗ್ಗುತ್ತಲೇ, "ಹೋಗುವಾಗ ನಿಮ್ಮನೇ ಮುಂದೇನೇ ಹೋಗ್ತೀವಿ, ಟಾಟಾ ಮಾಡಿ," ಎಂದಳು. ಬಾಯಲ್ಲಿ ಅವಳನ್ನು ಗೆಲ್ಲುವುದು ಕಷ್ಟ. ಹೊಲಿಗೆ ಯಂತ್ರದ ಮುಂದೆ ಕೂತು ಬಾಗಿದ್ದ ಬೆನ್ನು ಆ ದಿನಗಳಲ್ಲಿ ನೆಟ್ಟಗಾಗಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಅಣ್ಣ ರೇಗಿಸಿದರೆ, "ಮೊಸರು ಆಮೇಲೆ, ಮೊದ್ಲು ಮನೆ," ಎನ್ನುತ್ತಿದ್ದಳು.

ಚಾವಣಿಯದ್ದು ಇನ್ನೂ ಸ್ವಾರಸ್ಯದ ಕೆಲಸ. ತಾರಸಿಯ ಕಾಂಕ್ರೀಟಿನಲ್ಲಿ ಕೆಳಗಿನ ಅರ್ಧ ಬರೀ ಭಾರಕ್ಕೆ ಇರುತ್ತದೆ, ಕೆಲಸಕ್ಕಲ್ಲ ಎಂಬುದು ಮೇಸ್ತ್ರಿಯ ವಾದ. ಅದಕ್ಕೇ ಅವನು ಕಂಬಿಗಳ ಚೌಕದ ನಡುವೆ ಕುಂಬಾರನಿಂದ ತಂದ ಮಣ್ಣಿನ ಬಟ್ಟಲುಗಳನ್ನು ಬೋರಲು ಹಾಕಿ, ಅವುಗಳ ಮೇಲೆ ಕಾಂಕ್ರೀಟ್ ಸುರಿಸುತ್ತಿದ್ದ. ಸಿಮೆಂಟೂ ಉಳಿಯಿತು, ತಂಪೂ ಆಯಿತು. ಆಧಾರಕ್ಕೆ ಹೊಡೆದ ಹಲಗೆ ಬಿಚ್ಚಿದ ಮೇಲೆ ಕೆಳಗಿನಿಂದ ನೋಡಿದರೆ ಸಾಲು ಸಾಲು ಗುಂಡು ಗೂಡುಗಳು. ಒಂದೇ ತೊಡಕು: ಏನನ್ನಾದರೂ ನೇತುಹಾಕಬೇಕಿದ್ದರೆ ಮೊದಲೇ ಹೇಳಬೇಕು. ಆ ಜಾಗದ ಬಟ್ಟಲು ಬಿಟ್ಟು, ಕಂಬಿಗೆ ಕೊಕ್ಕೆ ಸಿಕ್ಕಿಸಿಯೇ ಕಾಂಕ್ರೀಟ್ ಹಾಕಬೇಕು. ಹಾಗೆ ಹಾಕಿದ್ದಕ್ಕೆ ಆನೆ ಜೋತುಬಿದ್ದರೂ ಚಿಂತೆಯಿಲ್ಲ. ಆಮೇಲೆ ಕೊರೆದು ಸೇರಿಸಿದ್ದನ್ನು ನಂಬಿ ಒಂದು ಕೂಸನ್ನು ಮಲಗಿಸುವ ಧೈರ್ಯ ಅವನಿಗಿರಲಿಲ್ಲ.

ಕೂಸಿನ ಮಾತು ಸುಮ್ಮನೆ ಬಂದದ್ದಲ್ಲ. ಮದುವೆಯಾಗಿ ಬಹಳ ವರ್ಷವಾದರೂ ತಂಗಿಗೆ ಮಕ್ಕಳಿರಲಿಲ್ಲ. ಎರಡು ಸಲ ಬಸಿರಾಗಿ, ಎರಡು ಸಲವೂ ಉಳಿದಿರಲಿಲ್ಲ. ಎರಡನೆಯ ಸಲ ಆಸ್ಪತ್ರೆಯಿಂದ ಅವಳನ್ನು ಕರೆತಂದವನು ಅಣ್ಣನೇ. ಆಟೋದಲ್ಲಿ ಅವಳು ದಾರಿಯುದ್ದಕ್ಕೂ ಅವನ ತೋಳು ಹಿಡಿದು ಕೂತಿದ್ದಳು. ಆ ಹಿಡಿತ ಅವನ ತೋಳಿನಲ್ಲಿ ಇವತ್ತಿಗೂ ಇದೆ.

ಹಲಗೆ ಹೊಡೆದು ಕಂಬಿ ಹಾಸಿದ್ದ ದಿನ ಅವಳು ಏಣಿ ಹತ್ತಿ ಬಂದಳು. ಮಲಗುವ ಕೋಣೆಯ ಮೇಲೆ ನಿಂತು, ಕಾಲಿನಿಂದ ಒಂದು ಜಾಗ ತೋರಿಸಿದಳು.

"ಅಣ್ಣ, ಇಲ್ಲೊಂದು ಕೊಕ್ಕೆ ಹಾಕು."

"ಫ್ಯಾನಿಗೆ ಅಲ್ಲಿ ಹಾಕಿದೀನಲ್ಲೇ."

"ಅದಲ್ಲ, ಇನ್ನೊಂದು. ಕಿಟಕಿ ಹತ್ರ. ಗಾಳಿ ಚೆನ್ನಾಗಿ ಬರುತ್ತೆ."

ಯಾತಕ್ಕೆಂದು ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ತೊಟ್ಟಿಲಿಗಲ್ಲದೆ ಕಿಟಕಿಯ ಪಕ್ಕ ಕೊಕ್ಕೆ ಇನ್ಯಾತಕ್ಕೆ? "ಹಾಕ್ತೀನಿ ಹೋಗು," ಎಂದ.

ಮಾರನೆಯ ಬೆಳಿಗ್ಗೆ ಕೊಕ್ಕೆಯನ್ನು ಬಗ್ಗಿಸಿದವನೂ ಅವನೇ. ಕಾಂಕ್ರೀಟ್ ಕಲಸುವ ಯಂತ್ರ ಗುಡುಗುಟ್ಟುತ್ತಿತ್ತು, ಬಾಂಡಲಿಗಳು ಕೈಯಿಂದ ಕೈಗೆ ಮೇಲೇರುತ್ತಿದ್ದವು. ತಂಗಿ ಆವತ್ತು ಯಾರದೋ ಮದುವೆಯ ಬಟ್ಟೆ ಒಪ್ಪಿಸಬೇಕಿದ್ದರಿಂದ ಬಂದಿರಲಿಲ್ಲ. ಮೇಸ್ತ್ರಿ ಕೊಕ್ಕೆ ಹಿಡಿದು ಆ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳು ದಿನಾ ಅಂಗಾತ ಮಲಗುತ್ತಾಳೆ, ಕಣ್ಣು ಬಿಟ್ಟರೆ ಇದು ಕಾಣುತ್ತದೆ, ಖಾಲಿ. ಇವತ್ತೂ ಖಾಲಿ, ನಾಳೆಯೂ ಖಾಲಿ. ಗಾಯದ ಮೇಲೆ ಉಪ್ಪು ಸವರಲು ಬೇರೆ ಯಾರೂ ಬೇಡ, ಒಡಹುಟ್ಟಿದ ಅಣ್ಣನೇ ಸಾಕು ಎಂದಾಗುತ್ತದೆ. ಕಣ್ಣಿಗೆ ಕಂಡರೆ ತಾನೇ ಮನಸ್ಸಿಗೆ ನೋವು?

ಕೊಕ್ಕೆಯನ್ನು ಪಕ್ಕಕ್ಕಿಟ್ಟು ಒಂದು ಬಟ್ಟಲನ್ನು ಬೋರಲು ಹಾಕಿ, "ಸುರೀರಪ್ಪ," ಎಂದ. ದೊಡ್ಡ ಉಪಕಾರ ಮಾಡಿದ ಸಮಾಧಾನ ಬೇರೆ. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡು ಮಾಡಿದ ತಪ್ಪಿಗೆ ಕೈ ನಡುಗುವುದಿಲ್ಲ ನೋಡಿ, ಅದೇ ಅದರ ಅಪಾಯ.

ತಾರಸಿಯ ಮೇಲೆ ನೀರು ಕಟ್ಟಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಹಲಗೆ ಬಿಚ್ಚಿದರು. ತಂಗಿ ಪೊರಕೆ ಹಿಡಿದು ಬಂದಳು, ಆದರೆ ಗುಡಿಸಲಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿ ಕೋಣೆಯಿಂದ ಕೋಣೆಗೆ ನಡೆದಳು. "ಅಯ್ಯೋ ಅಣ್ಣ, ಇಷ್ಟು ಚಂದ ಬರುತ್ತೆ ಅಂತ ಹೇಳ್ಲೇ ಇಲ್ವಲ್ಲೋ," ಎನ್ನುತ್ತಾ ಮಲಗುವ ಕೋಣೆಗೆ ಹೋದಳು. ಫ್ಯಾನಿನ ಕೊಕ್ಕೆ ನೋಡಿದಳು. ಕಿಟಕಿಯ ಹತ್ತಿರ ಹೋಗಿ ನಿಂತಳು. ಅಲ್ಲೂ ಮಿಕ್ಕವುಗಳ ಹಾಗೇ ಒಂದು ಗುಂಡು ಗೂಡು.

"ಮರೆತ್ಬಿಟ್ಯಾ ಅಣ್ಣ?"

ಮೆಲ್ಲಗೆ ಕೇಳಿದಳು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ವಯಸ್ಸಾಯ್ತು ನಿನಗೆ, ಮರೆಗುಳಿ ಎಂದು ನಾಲ್ಕು ಬೈದು, ಸಂಜೆಗೆ ಮರೆಯುತ್ತಿದ್ದಳು. ಅವಳು ಉತ್ತರವನ್ನೂ ಸೇರಿಸಿಯೇ ಪ್ರಶ್ನೆ ಕೇಳಿದ್ದಳು. ಇವನು ಕೈಚಾಚಿ ತೆಗೆದುಕೊಂಡರೆ ಸಾಕಿತ್ತು. ಆದರೆ ಉಪಕಾರ ಮಾಡಿದವನಿಗೆ ಅದನ್ನು ಹೇಳಿಕೊಳ್ಳದೆ ಇರಲಾಗುತ್ತದೆಯೇ?

"ಮರೆತಿಲ್ಲ ಕಣೆ. ನಾನೇ ಬೇಡ ಅಂತ ಬಿಟ್ಟೆ. ಸುಮ್ನೆ ದಿನಾ ನೋಡ್ಕೊಂಡು ನೊಂದ್ಕೋತೀಯ."

ತಂಗಿ ಪೊರಕೆಯ ಕಡ್ಡಿಯೊಂದನ್ನು ಕಿತ್ತು ಮುರಿಯುತ್ತಾ ನಿಂತಳು.

"ಎಲ್ರೂ ಆಗಲ್ಲ ಅಂದ್ರು. ನೀನೊಬ್ಬ ಅಂದಿರ್ಲಿಲ್ಲ," ಎಂದಳು. ಮುರಿದ ಕಡ್ಡಿಯನ್ನು ಕೆಳಗೆ ಹಾಕಿ, "ಈಗ ನೀನೂ ತೀರ್ಮಾನ ಮಾಡ್ಬಿಟ್ಟೆ."

ಅವನು, "ಹಾಗಲ್ವೇ, ಕೊರೆದು ಹಾಕಿಕೊಡ್ತೀನಿ, ನಾಳೇನೇ..." ಎಂದು ತಡವರಿಸಿದ.

"ಬೇಡ ಬಿಡು. ಕೊರೆದು ಹಾಕಿದ್ದು ನಿಲ್ಲಲ್ಲ ಅಂತ ನೀನೇ ಹೇಳ್ತೀಯಲ್ಲ." ಮತ್ತೆ ಅವಳು ಗುಡಿಸಲು ಶುರು ಮಾಡಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಕಾಲು ಹಿಡಿದಾದರೂ ಸರಿಮಾಡಿಕೊಳ್ಳಬಹುದಿತ್ತು. ಅಣ್ಣ ಬಂದರೆ ಈಗ ಕುರ್ಚಿ ಎಳೆದು ಹಾಕುತ್ತಾಳೆ. ಮೊದಲಾದರೆ ಅವನು ನೆಲದ ಮೇಲೆ, ಅವಳ ಬಟ್ಟೆಚೂರುಗಳ ನಡುವೆ ಜಾಗ ಮಾಡಿಕೊಂಡು ಕೂರುತ್ತಿದ್ದ. ಅವಳು ಸೂಜಿಗೆ ದಾರ ಪೋಣಿಸಲು ಕೊಟ್ಟು, ಪೋಣಿಸಲಾಗದೆ ಅವನು ಒದ್ದಾಡುವುದನ್ನು ನೋಡಿ ನಗುತ್ತಿದ್ದಳು. ಈಗ ಸೂಜಿ ಕೊಡುವುದಿಲ್ಲ. ಒಮ್ಮೆ ಧೈರ್ಯ ಮಾಡಿ, "ತಪ್ಪಾಯ್ತು ಕಣೆ," ಎಂದ. "ಯಾವುದು ಅಣ್ಣ?" ಎಂದಳು. ಅದನ್ನು ಬಾಯಿಬಿಟ್ಟು ಹೇಳಿದರೆ ಮಗುವಿನ ಮಾತು ಎತ್ತಬೇಕಿತ್ತು. ಅವನು ಟೀ ಕುಡಿದು ಎದ್ದುಬಂದ.

ಮಗುವಂತೂ ಆಗಲಿಲ್ಲ. ಅವನ ಲೆಕ್ಕಾಚಾರ ಸರಿಯಾಗಿತ್ತು ಎಂದು ಬೇಕಾದರೆ ಅನ್ನಬಹುದು. ಅವನಿಗೆ ಮಾತ್ರ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ. ಖಾಲಿ ಕೊಕ್ಕೆ ನೋಡಿ ಅವಳು ನೋಯದಿರಲಿ ಎಂದಿದ್ದ. ಈಗ ಅವಳು ದಿನಾ ನೋಡುವುದು ಕೊಕ್ಕೆಯೇ ಇಲ್ಲದ ಜಾಗವನ್ನು, ಅದನ್ನು ಹಾಗೆ ಮಾಡಿದ್ದು ಅಣ್ಣ ಎಂದು ತಿಳಿದುಕೊಂಡು.

ಮನೆ ಮಳೆಗೆ ಹೋಗಲಿಲ್ಲ. ಎದುರು ಮನೆಯವನೇ ಬಿರುಬೇಸಿಗೆಯಲ್ಲಿ ಬಂದು ಅಲ್ಲಿ ಮಧ್ಯಾಹ್ನದ ನಿದ್ದೆ ಮಾಡುವಂತಾಯಿತು. ಹೆಸರು ಹಬ್ಬಿ, ಮನೆ ಕಟ್ಟಿಸಬೇಕೆನ್ನುವವರನ್ನು ಮೇಸ್ತ್ರಿ ಅಲ್ಲಿಗೇ ಕರೆದೊಯ್ದು ತೋರಿಸಬೇಕಾಯಿತು. ವಿವರಿಸುವವಳು ತಂಗಿ. ತಾನೇ ಒತ್ತಿದ ಇಟ್ಟಿಗೆಗಳಲ್ಲವೇ, ಅವನಿಗಿಂತ ಚೆನ್ನಾಗಿ ಹೇಳುತ್ತಾಳೆ.

ಕಳೆದ ವಾರ ಒಬ್ಬ ಪ್ಲಂಬರ್, ಅವನ ಎಳೆ ಪ್ರಾಯದ ಹೆಂಡತಿ ಬಂದಿದ್ದರು. ತಂಗಿ ಗೋಡೆ ಮುಟ್ಟಿಸಿದಳು, ಚಾವಣಿ ತೋರಿಸಿದಳು. ಎಂದಿನಂತೆ, "ಚಾವಣಿಗೆ ಮೋಲ್ಡ್ ಹಾಕೋ ದಿನ ಮಾತ್ರ ನೀವೇ ಬಂದು ನಿಂತ್ಕೊಳ್ಳಿ, ಎಷ್ಟೇ ಕೆಲಸ ಇದ್ರೂನು," ಎಂದಳು. ಮೇಸ್ತ್ರಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಪ್ರತಿ ಸಲ ಕೇಳಿಸಿಕೊಳ್ಳುತ್ತಾನೆ.

ಆ ಹೆಂಡತಿ ಮಲಗುವ ಕೋಣೆಯಲ್ಲಿ ಕಿಟಕಿಯ ಹತ್ತಿರ ನಿಂತು ಮೇಲೆ ನೋಡಿದಳು. "ಅಕ್ಕ, ಇಲ್ಲೊಂದು ಕೊಕ್ಕೆ ಇದ್ದಿದ್ರೆ ತೊಟ್ಟಿಲಿಗೆ ಎಷ್ಟು ಚೆನ್ನಾಗಿರ್ತಿತ್ತು! ಎಲ್ಲ ಮನೇಲೂ ಹಾಕ್ತಾರಂತೆ ಇವ್ರು. ನಿಮಗ್ಯಾಕೆ ಹಾಕಿಲ್ಲ?"

ಮೇಸ್ತ್ರಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ತಂಗಿ ಅವನ ಕಡೆ ನೋಡಲಿಲ್ಲ. ಕಿಟಕಿಯ ಬಾಗಿಲನ್ನು ಇನ್ನಷ್ಟು ತೆರೆದು, ಕೊಂಡಿ ಸಿಕ್ಕಿಸಿದಳು.

"ಅಣ್ಣ ಕೇಳಿದ್ದ ಪಾಪ," ಎಂದಳು. "ನಾನೇ ಹೇಳೋಕೆ ಮರೆತ್ಬಿಟ್ಟೆ."

ಅವನು ಅಂದು ತೆಗೆದುಕೊಳ್ಳದೆ ಬಿಟ್ಟಿದ್ದ ಮರೆವಿನ ಸುಳ್ಳು ಅದು. ಅವನನ್ನು ಉಳಿಸಲು ಅದನ್ನು ಅವಳೇ ತನ್ನ ತಲೆಗೆ ಕಟ್ಟಿಕೊಂಡಿದ್ದಳು. ಬಂದವರು ಹೊರಗೆ ಹೋಗಿ ಗೋಡೆಯನ್ನು ಸವರಿ ನೋಡುತ್ತಿದ್ದರು.

"ಕೂತ್ಕೋ ಅಣ್ಣ, ಟೀ ಇಡ್ತೀನಿ," ಎಂದು ತಂಗಿ ಕುರ್ಚಿ ಎಳೆದು ಹಾಕಿದಳು. ಅವನು ಹೋಗಿ ಕುರ್ಚಿಯಲ್ಲಿ ಕೂತ.