ನಾಲ್ಕು ಹಲ್ಲಿನ ಕಂಪ್ಯೂಟರ್

"ಕಾಕಾ, ಇದರ ಕೈಲಿ ಆಗಂಗಿಲ್ಲ ನೋಡ್ರಿ," ಎನ್ನುತ್ತ ಶಬನಮ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಕಂಪ್ಯೂಟರಿನ ಪರದೆಯ ನಡುವೆ ಕೆಂಪು ಅಕ್ಷರದ ಸಾಲೊಂದು ಬಂದು ನಿಂತಿತ್ತು. "ಆರೆಂಟು ಬೇಕಂತೈತಿ. ನಮ್ಮದು ನಾಲ್ಕ ಐತಿ."

ಫಕ್ಕೀರಪ್ಪ ಬೆಂಚಿನಿಂದ ಎದ್ದು ಬಂದ. ಮೇಜಿನ ಕೆಳಗಿದ್ದ ಕರಿ ಡಬ್ಬಿಯನ್ನು ಮುಂದಿನಿಂದ ನೋಡಿದ, ಬಗ್ಗಿ ಹಿಂದಿನಿಂದ ನೋಡಿದ, ಅದರ ಬೆನ್ನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದ.

"ನಾಲ್ಕು ಹಲ್ಲಿಂದೇನವ್ವಾ?" ಎಂದ.

ಶಬನಮ ನಕ್ಕಳು. "ಹಲ್ಲಲ್ಲ ಕಾಕಾ, ಜಿಬಿ. ಒಳಗೊಂದು ಕಾರ್ಡ್ ಇರ್ತೈತಿ. ಚಿತ್ರದ ಕೆಲಸೆಲ್ಲಾ ಅದ ಮಾಡೂದು. ಅದರ ಮೆಮರಿ ನಾಲ್ಕು ಜಿಬಿ. ಹಳೇ ವಿಡಿಯೋ ತಿಳಿ ಮಾಡೋ ಈ ಎಐ ಸಾಫ್ಟ್‌ವೇರಿಗೆ ಕಡಿಮಿ ಅಂದ್ರೂ ಆರು ಬೇಕು. ಎಂಟಿದ್ರ ಭಾಳ ಛಲೋ."

"ನಾನೂ ಅದನ್ನ ಅಂದಿದ್ದು. ಹೋರಿ ವಯಸ್ಸು ಹಲ್ಲಿನ ಮ್ಯಾಲ: ನಾಲ್ಕು, ಆರು, ಎಂಟು. ಎಂಟಕ್ಕ ಬಾಯಿಗೂಡಿತು, ಪೂರಾ ಬಲೀತು. ನಿಂದು ಇನ್ನೂ ಎಳೀದು."

"ಎಳೀದಲ್ರಿ, ಏಳು ವರ್ಷದ್ದು."

"ಏಳು ವರ್ಷಕ್ಕ ನಾಲ್ಕ ಹಲ್ಲಂದ್ರ ಅದಕ್ಕ ನೀ ಮೇವು ಹಾಕಿಲ್ಲ."

"ಬೀಗರ, ಆ ಹುಡುಗಿ ತಲಿ ತಿನಬ್ಯಾಡ್ರಿ," ಎಂದಳು ಬೆಂಚಿನ ಮೇಲೆ ಸಂತೆಯ ಚೀಲವನ್ನು ತೊಡೆಗಾನಿಸಿಕೊಂಡು ಕುಳಿತಿದ್ದ ನೀಲಾಂಬಿಕಾ. "ಮಿಷನ್ನ ನಿಮ್ಮ ಸುಳ್ಳು ಹೊರಾಕ ಒಲ್ಲೆ ಅನ್ನಾಕತ್ತೈತಿ. ಅದಕ್ಕೂ ಒಂದು ಮರ್ಯಾದಿ ಐತಿ."

ಅಕ್ಕಿಆಲೂರಿನ ಈ ಸ್ಟುಡಿಯೋವನ್ನು ಹಾಕಿದವನು ಶಬನಮಳ ತಂದೆ ಪೀರಸಾಬ. ಸುತ್ತಲಿನ ಊರುಗಳ ಮದುವೆಗಳನ್ನೆಲ್ಲ ಹೆಗಲ ಮೇಲಿನ ಕ್ಯಾಮೆರಾದಲ್ಲಿ ಹಿಡಿದವನು. ಈಗ ಕಣ್ಣು ಮಂಜಾಗಿ ಮನೆಯಲ್ಲಿದ್ದಾನೆ, ಅಂಗಡಿ ಮಗಳದು. ಹೋದ ತಿಂಗಳು ಅವಳು ಅಟ್ಟ ಸ್ವಚ್ಛ ಮಾಡುವಾಗ ಒಂದು ಕ್ಯಾಸೆಟ್ಟು ಸಿಕ್ಕಿತ್ತು. ಅದರ ಮೇಲೆ ಅಪ್ಪನ ಅಕ್ಷರದಲ್ಲಿ 'ಚಿಕ್ಕೇರೂರು, ಹೋರಿ ಹಬ್ಬ, ೧೯೯೯' ಎಂದಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸಿ, ಚೂರೊಂದನ್ನು ಫೋನಿನಲ್ಲಿ ನಾಲ್ಕು ಜನಕ್ಕೆ ಕಳಿಸಿದಳು. ಅದು ಕೈಯಿಂದ ಕೈಗೆ ಹೋಗಿ ಚಿಕ್ಕೇರೂರು ಮುಟ್ಟಿತು. ಇಪ್ಪತ್ತಾರು ವರ್ಷದ ಜಗಳವೊಂದು ಎದ್ದು ಕುಳಿತಿತು.

ದೀಪಾವಳಿಗೆ ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಮೈಮೇಲೆ ಜೂಲ ಹೊದಿಸಿ, ಕಿಕ್ಕಿರಿದ ಜನರ ನಡುವೆ ಓಡಲು ಬಿಡುತ್ತಾರೆ. ಓಡುವ ಹೋರಿಯ ಮೇಲೆ ಬಿದ್ದು ಕೊಬ್ಬರಿ ಹರಿದವನು ಗಂಡಸು; ಯಾರಿಗೂ ಹರಿಯಗೊಡದ ಹೋರಿ ಅದರ ಮನೆಯವರ ಹೆಮ್ಮೆ. ನೀಲಾಂಬಿಕಾಳ ಗಂಡ ಶರಣಪ್ಪ ಸಾಕಿದ 'ಸಿಡಿಲಮರಿ' ಐದು ವರ್ಷ ಹಾಗೆಯೇ ಗೆದ್ದು ಬಂದಿತ್ತು. ಆರನೆಯ ವರ್ಷ, ತೊಂಬತ್ತೊಂಬತ್ತರಲ್ಲಿ, ತಾನು ಅದರ ಕೊಬ್ಬರಿ ಹರಿದೆ ಎಂದು ಫಕ್ಕೀರಪ್ಪ ಹೇಳುತ್ತಾನೆ. ದಾರ ತಾನೇ ಹರಿಯಿತು, ನೆಲಕ್ಕೆ ಬಿದ್ದದ್ದನ್ನು ಅವನು ಆಯ್ದುಕೊಂಡ ಎಂದು ಶರಣಪ್ಪ ಹೇಳುತ್ತಿದ್ದ. ಮುಂದೆ ಶರಣಪ್ಪನ ಮಗಳು ಫಕ್ಕೀರಪ್ಪನ ಮಗ ಲೋಹಿತನ ಕೈ ಹಿಡಿದಳು. ಬೀದಿಯ ಜಗಳ ಬೀಗರ ಜಗಳವಾಗಿ, ಪ್ರತಿ ಹಬ್ಬದ ಎಲೆಯ ಮೇಲೆ ಉಪ್ಪಿನಕಾಯಿಯ ಹಾಗೆ ಬಂದು ಕೂರತೊಡಗಿತು. ಮೂರು ವರ್ಷದ ಕೆಳಗೆ ಶರಣಪ್ಪ ಲಿಂಗೈಕ್ಯನಾದ. ಹೊಲದ ಉಸ್ತುವಾರಿಯ ಜೊತೆಗೆ ಈ ಜಗಳದ ಉಸ್ತುವಾರಿಯನ್ನೂ ನೀಲಾಂಬಿಕಾ ವಹಿಸಿಕೊಂಡಳು.

ಇಂದು ಇಬ್ಬರೂ ಮಾತಾಡಿಕೊಂಡೇ ಬಂದಿದ್ದರು. ವಿಡಿಯೋದಲ್ಲಿ ಅವನ ಕೈ ಕೊಬ್ಬರಿ ಸರದಲ್ಲಿ ಕಂಡರೆ, ನಾಲ್ಕು ಜನರ ಎದುರು "ಹರದದ್ದು ಖರೆ" ಎಂದು ಅವಳು ಅವನ ತಲೆಗೆ ಸುತ್ತಲು ರುಮಾಲು ಕೊಡಬೇಕು. ಕಾಣದಿದ್ದರೆ ಅವನು ಆ ಕಥೆಯನ್ನು ಇನ್ನು ಯಾರ ಮುಂದೆಯೂ ಎತ್ತಬಾರದು.

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ತಾನು ಹೇಳುವುದು ನಿಜವೋ ಸುಳ್ಳೋ ಎಂಬುದು ಫಕ್ಕೀರಪ್ಪನಿಗೇ ತಿಳಿದಿರಲಿಲ್ಲ. ಧೂಳು, ಹೋರಿಯ ಬೆವರಿನ ವಾಸನೆ, ಕಾಲ ಕೆಳಗೆ ಬಂದ ಆಕಾಶ, ಇಷ್ಟು ನೆನಪಿದೆ. ಆಮೇಲೆ ನೆಲದಲ್ಲಿ ಬಿದ್ದಿದ್ದ. ಮುಷ್ಟಿಯಲ್ಲಿ ಕೊಬ್ಬರಿ ಇತ್ತು. ಅದು ಸರದಿಂದ ಬಂತೋ, ಮಣ್ಣಿನಿಂದ ಬಂತೋ? ಇಷ್ಟು ವರ್ಷ ಹೇಳಿ ಹೇಳಿ, ಹೇಳಿದ್ದೇ ನೆನಪಾಗಿ ಕುಳಿತಿತ್ತು. ಬೆಳಗ್ಗೆ ಲಿಂಗಪೂಜೆಗೆ ಕುಳಿತಾಗಲೂ ಅಂಗೈಯ ಲಿಂಗದ ಮುಂದೆ ಅದೇ ಪ್ರಶ್ನೆ ಬಂದು ನಿಂತಿತ್ತು. ಬೇಡಿಕೊಳ್ಳಲು ನಾಚಿಕೆಯಾಗಿ, 'ಇದ್ದದ್ದು ತೋರ್ಸಪಾ ಶಿವನ' ಎಂದಷ್ಟೇ ಅಂದು ಎದ್ದಿದ್ದ.

ಇದ್ದ ಹಾಗೆ ವಿಡಿಯೋದಲ್ಲಿ ಏನೂ ಕಾಣುತ್ತಿರಲಿಲ್ಲ. ಬೂದು ಬಣ್ಣದ ಗದ್ದಲ. ಅದರೊಳಗೆ ಒಂದು ಕರಿ ಬೆನ್ನು, ಅದಕ್ಕೆ ಅಂಟಿದ ಒಂದು ಬಿಳಿ ಅಂಗಿ, ಆಮೇಲೆ ಅಲ್ಲಾಡುವ ಆಕಾಶ.

"ನಮ್ಮಪ್ಪಾನೂ ಓಡ್ಯಾನ್ರಿ ಆವತ್ತು," ಎಂದಳು ಶಬನಮ. "ಹೋರಿ ಅವನ ಕಡೇನ ಬಂದಿತ್ತಂತ. ಜೀವಾ ಉಳದಿದ್ದ ದೊಡ್ಡದು ಅಂತಾನ. ಈಗ ಹಾವೇರಿಯೊಳಗ ದೊಡ್ಡ ಕಂಪ್ಯೂಟರ್ ಇದ್ದವರ್ನ ಕೇಳಿ ನೋಡ್ಲಿ?"

"ತಡಿ, ತಡಿ," ಎಂದ ಫಕ್ಕೀರಪ್ಪ. "ಈಗ ಇದರ ಮ್ಯಾಲ ಎಷ್ಟು ಹೇರಿದಿ?"

"ಹೇರೂದಂದ್ರ? ಪೂರಾ ವಿಡಿಯೋ ಹಾಕೇನ್ರಿ. ನಲವತ್ತು ನಿಮಿಷದ್ದು. ನಾಲ್ಕು ಪಟ್ಟು ದೊಡ್ಡದು ಮಾಡು ಅಂತ ಹೇಳೇನಿ."

"ನಾಲ್ಕು ಹಲ್ಲಿನ ಹೋರಿಗೆ ತುಂಬಿದ ಗಾಡಿ ಹೂಡಿದ್ರ ಅದು ಕೆಂಪಗ ನೋಡದ ಏನ್ ಮಾಡೀತು? ನಮಗೆಷ್ಟು ಬೇಕೋ ಅಷ್ಟ ಹೇರು. ನಾಲ್ಕು ಹೆಜ್ಜಿ ನಡಸು. ನೊಗ ಬಿಚ್ಚು. ನೀರು ತೋರ್ಸು. ಮತ್ತ ಹೂಡು."

ಹೌದಲ್ಲ, ಎಂಬಂತೆ ಶಬನಮ ಪರದೆಯ ಕಡೆ ತಿರುಗಿದಳು. ನಲವತ್ತು ನಿಮಿಷದಲ್ಲಿ ಬೇಕಾಗಿದ್ದದ್ದು ಆರು ಸೆಕೆಂಡು. ಅಷ್ಟನ್ನು ಕತ್ತರಿಸಿದಳು. ಆರನ್ನು ಮತ್ತೆ ಅರ್ಧರ್ಧ ಸೆಕೆಂಡಿನ ತುಣುಕು ಮಾಡಿದಳು. ನಾಲ್ಕು ಪಟ್ಟು ಇದ್ದದ್ದನ್ನು ಎರಡಕ್ಕೆ ಇಳಿಸಿದಳು. ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಗಿರಾಕಿಗಳಿಗೆಂದು ಇಟ್ಟಿದ್ದ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದಳು.

"ನೀರು ಬ್ಯಾಡ ಕಾಕಾ. ಇದಕ್ಕ ಗಾಳಿ ಸಾಕು."

"ನಮಗ?" ಎಂದಳು ನೀಲಾಂಬಿಕಾ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

"ನಾವು ಬಾಯಿಗೂಡಿದವ್ರು ಬೀಗರ, ತಡಕೋಬೇಕು."

ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಇನ್ನೊಮ್ಮೆ ಎಚ್ಚರಿಸಿತು. ಆದರೂ ಮಾಡು ಎಂದು ಶಬನಮ ಒತ್ತಿದಳು. ಒಳಗಿನ ಪುಟ್ಟ ಫ್ಯಾನುಗಳು ಮೊದಲು ಗುಂಯ್ ಎಂದವು, ಆಮೇಲೆ ಭರ್ರೆಂದವು. ಫಕ್ಕೀರಪ್ಪ ಕುಕ್ಕರಗಾಲಿನಲ್ಲಿ ಕುಳಿತು ಕಿವಿ ಕೊಟ್ಟ. ಎರಡು ತುಣುಕು ಮುಗಿಯುತ್ತಲೇ ಕೈ ಎತ್ತಿದ.

"ನಿಲ್ಸು. ಏದಸಿರು ಬಿಡಾಕತ್ತೈತಿ."

ಶಬನಮ ಬಿಸಿಯ ಅಂಕಿ ನೋಡಿದಳು. ಎಂಬತ್ತೆಂಟಕ್ಕೆ ಏರಿತ್ತು. "ನಿಮಗ ಹೆಂಗ್ ಗೊತ್ತಾತ್ರಿ?"

"ಉಸಿರು ಯಾರದಾದ್ರೇನವ್ವಾ," ಎಂದ. ಅಂಕಿ ಅರವತ್ತಕ್ಕೆ ಇಳಿಯುವವರೆಗೆ ಮೂವರೂ ಚಹಾ ಕುಡಿದರು. ಮತ್ತೆ ಹೂಡಿದರು, ಮತ್ತೆ ಬಿಚ್ಚಿದರು. ಹೊರಗೆ ಸಂತೆಯ ಗದ್ದಲ ಏರಿ, ನಡು ಮಧ್ಯಾಹ್ನಕ್ಕೆ ಕೊಂಚ ಇಳಿಯಿತು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಇಬ್ಬರು ಸಂಗತಿ ತಿಳಿದು, ಫೋಟೋ ಮರೆತು, ಬೆಂಚಿನ ಮೇಲೆ ಒತ್ತಿ ಕುಳಿತರು.

ಕೊನೆಗೆ ಆರು ಸೆಕೆಂಡೂ ಕೂಡಿದವು. ಶಬನಮ ಓಡಿಸಿದಳು.

ಧೂಳೇ ಇರಲಿಲ್ಲ. ಸಿಡಿಲಮರಿ ಆಗತಾನೆ ಮೈ ತೊಳೆದು ತಂದಂತೆ ಹೊಳೆಯುತ್ತಿತ್ತು. ಅದರ ಕೊರಳ ಸರದಲ್ಲಿ ದುಂಡನೆಯ ಬಿಳಿ ಹೂವುಗಳಂಥವು ಏನೋ ತೂಗುತ್ತಿದ್ದವು. ಅದರ ಮೇಲೆ ಬಿದ್ದ ಬಿಳಿ ಅಂಗಿಯವನ ಗಲ್ಲ ನುಣ್ಣಗಿತ್ತು. ಅವನ ಎಡಗೈ, ಸ್ಪಷ್ಟವಾಗಿ, ಯಾರಿಗೂ ಸಂಶಯ ಉಳಿಯದಂತೆ, ಸರವನ್ನು ಹಿಡಿದಿತ್ತು.

ಬೆಂಚಿನ ಮೇಲಿದ್ದವರು ಹೋ ಎಂದರು. ನೀಲಾಂಬಿಕಾ ಸೆರಗು ಸರಿಮಾಡಿಕೊಂಡು ಎದ್ದಳು. "ಆತು ಬಿಡ್ರಿ. ಸೋತೆ. ಅಂಗಡಿ ಎಲ್ಲೈತಿ, ರುಮಾಲು ತರ್ತೇನಿ."

ಫಕ್ಕೀರಪ್ಪ ಗೆದ್ದಿದ್ದ. ಸುಮ್ಮನಿದ್ದರೆ ಸಾಕಿತ್ತು. ಅವನು ಪರದೆಯ ಹತ್ತಿರ ಹೋಗಿ ಆ ಕೈಯನ್ನು ನೋಡಿದ. ಮತ್ತೆ ತನ್ನ ಎಡಗೈಯನ್ನು ಬಿಡಿಸಿ ನೋಡಿಕೊಂಡ.

"ಕುಂದರ್ರಿ ಬೀಗರ," ಎಂದ ಮೆಲ್ಲಗೆ. "ಇದು ನನ್ನ ಕೈ ಅಲ್ಲ."

"ಏನಂದ್ರಿ?"

"ಇದಕ್ಕ ಐದೂ ಬೆರಳು ಪೂರಾ ಅದಾವ. ನನಗ ನಾಲ್ಕೂವರಿ." ಅವನು ಕೈ ಎತ್ತಿ ಹಿಡಿದ. ಹುಡುಗನಿದ್ದಾಗ ದನಕ್ಕೆ ಜೋಳದ ಕಣಕಿ ಕತ್ತರಿಸಲು ಹೋಗಿ ತೋರುಬೆರಳಿನ ತುದಿ ಕಳೆದುಕೊಂಡಿದ್ದ. "ಇದು ಯಾರದೋ ಕೈ ತಂದು ನನಗ ಹಚ್ಚೇತಿ."

ಶಬನಮ ತಲೆಯಾಡಿಸಿದಳು. "ಹೌದ್ರಿ ಕಾಕಾ. ಇದು ಹಂಗ ಮಾಡ್ತೈತಿ. ಕಾಣಲಾರದ್ದನ್ನ ತಾನ ಊಹಿಸಿ ಬರೀತೈತಿ. ಕೊಬ್ಬರಿ ಅದಕ್ಕ ಗೊತ್ತಿಲ್ಲ, ಹೂ ಬರದೈತಿ. ಧೂಳು ಅಂದ್ರ ಹೊಲಸು ಅಂತ ತಿಳದೈತಿ."

"ಹೋರಿ ಹಬ್ಬದಾಗ ಧೂಳು ತಗದ್ರ ಉಳೀತೇನು?" ಎಂದಳು ನೀಲಾಂಬಿಕಾ. "ಮೀಸಿನೂ ತಗದೈತಿ ನೋಡ್ರಿ, ಬೀಗರು ಮದುಮಗ ಆಗ್ಯಾರ." ಎಲ್ಲರೂ ನಕ್ಕರು. ಆದರೆ ಅವಳು ಫಕ್ಕೀರಪ್ಪನ ಕಡೆ ನೋಡಿದ ನೋಟ, ಈ ಹಿಂದೆ ಎಂದೂ ನೋಡದ ಹಾಗಿತ್ತು.

"ಬರಿಯೂದು ಬ್ಯಾಡ ಅಂತ ಹೇಳಾಕ ಬರ್ತೈತೇನವ್ವಾ ಅದಕ್ಕ?" ಎಂದ ಫಕ್ಕೀರಪ್ಪ. "ಇದ್ದದ್ದನ್ನ ಒಂದೀಟು ಒರಸಿ ತೋರ್ಸಿದ್ರ ಸಾಕು. ಇರದಿದ್ರ ಇಲ್ಲ."

"ಬರ್ತೈತ್ರಿ. ಹೊರೀನೂ ಕಡಿಮಿ ಆಕ್ಕೈತಿ ಅದಕ್ಕ." ಶಬನಮ ಊಹೆಯ ಅಳತೆಯನ್ನು ಸೊನ್ನೆಗೆ ಇಳಿಸಿದಳು. ಅಲುಗಾಟ ನಿಲ್ಲಿಸುವುದು, ಬೆಳಕು ಸರಿಮಾಡುವುದು, ಇಷ್ಟೇ ಉಳಿಸಿದಳು. ಈ ಸಲ ಫ್ಯಾನು ಭರ್ರೆನ್ನಲಿಲ್ಲ. ಮೆಲುಕು ಹಾಕುವ ದನದ ಹಾಗೆ ಒಂದೇ ಸಮನೆ ಗುನುಗುತ್ತ ಕೆಲಸ ಮಾಡಿತು.

ಈಗ ಬಂದ ಚಿತ್ರ ಚೆಂದವಿರಲಿಲ್ಲ. ಧೂಳು ಧೂಳಾಗಿಯೇ ಇತ್ತು. ಆದರೆ ನಡುಗುತ್ತಿದ್ದದ್ದು ನಿಂತಿತ್ತು. ಶಬನಮ ಒಂದೊಂದೇ ಚೌಕಟ್ಟು ಮುಂದಿಟ್ಟಳು. ಕರಿ ಬೆನ್ನು. ಬಿಳಿ ಅಂಗಿ. ಧೂಳಿನಿಂದ ಹೊರಬಂದ ಒಂದು ಕೈ. ಅದರ ಒಂದು ಬೆರಳು ಗಿಡ್ಡ. ಮುಂದಿನದರಲ್ಲಿ ಆ ಕೈ ಸರದೊಳಗೆ ಹೊಕ್ಕಿತ್ತು. ಅದರ ಮುಂದಿನದರಲ್ಲಿ ದಾರ ಬಿಗಿದು ನೇರವಾಗಿತ್ತು. ಆಮೇಲೆ ದಾರವಿರಲಿಲ್ಲ, ಗಾಳಿಯಲ್ಲಿ ಏಳೆಂಟು ಕೊಬ್ಬರಿ ಬಟ್ಟಲು, ಗಿಡ್ಡ ಬೆರಳಿನ ಮುಷ್ಟಿಯಲ್ಲಿ ಎರಡು.

ಫಕ್ಕೀರಪ್ಪ ಗೋಡೆಗೆ ಒರಗಿದ. 'ಶಿವನ,' ಎಂದ.

"ತಡೀರಿ, ತಡೀರಿ, ಹಿಂದ ಯಾರದು?" ನೀಲಾಂಬಿಕಾ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಹೋರಿಯ ಹಿಂದೆ, ನಾಲ್ಕು ಮಾರು ದೂರದಲ್ಲಿ, ಧೋತರ ಎತ್ತಿ ಕಟ್ಟಿದ ಒಬ್ಬ ಓಡಿ ಬರುತ್ತಿದ್ದ. ಕಣ್ಣು ನೇರವಾಗಿ ಆ ಕೈಯ ಮೇಲಿತ್ತು. ಎರಡೂ ತೋಳು ಮೇಲೆತ್ತಿದ್ದ. ಬಾಯಿ ತೆರೆದಿತ್ತು.

"ನಮ್ಮ ಮನಿಯವ್ರು!" ಎಂದಳು. "ನೋಡ್ಯಾರ! ಕಣ್ಣಾರೆ ನೋಡ್ಯಾರ! ಸಾಯೂ ತನಕ ನನಗೂ ಹೇಳಿಲ್ಲ!"

"ಒದರಾಕತ್ತಾರೇನ್ರಿ ಅವ್ವಾರ?" ಎಂದು ಶಬನಮ ಕೇಳಿದಳು.

"ಒದರೂದಲ್ಲವ್ವಾ, ನಗಾಕತ್ತಾರ. ಅವರ ನಗಿ ನನಗ ಗೊತ್ತಿಲ್ಲೇನು? ತಮ್ಮ ಹೋರಿ ಸೋತಿದ್ದಕ್ಕ ನಗಾಕತ್ತಾರ, ಮಾರಾಯ!" ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಕಣ್ಣಲ್ಲಿ ನೀರು ಬಂತು, ಆದರೂ ನಕ್ಕಳು. "ಆವತ್ತು ಮನಿಗೆ ಬಂದು ಎರಡು ಹೋಳಿಗಿ ಹೆಚ್ಚಿಗಿ ಉಂಡಿದ್ರು. ಯಾಕಂತ ನಾ ಕೇಳಿದ್ದೆ. 'ಸುಮ್ನ ನೀಡು' ಅಂದಿದ್ರು. ಇನ್ನೊಮ್ಮಿ ಓಡಿಸವ್ವಾ."

ಶಬನಮ ಇನ್ನೊಮ್ಮೆ ಓಡಿಸಿದಳು. ಆಮೇಲೆ ಇನ್ನೊಮ್ಮೆ. ಎಷ್ಟು ಸಲವೋ ಯಾರೂ ಎಣಿಸಲಿಲ್ಲ. ಬೆಂಚಿನ ಮೇಲಿದ್ದವರ ಎದುರೇ ನೀಲಾಂಬಿಕಾ "ಹರದದ್ದು ಖರೆ" ಎಂದಳು; ಸಂತೆಯಿಂದ ತರಿಸಿದ ಗುಲಾಬಿ ರುಮಾಲನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಫಕ್ಕೀರಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಸುತ್ತಿದ.

ಚಿಕ್ಕೇರೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಅವನಿಗೆ ಮೈ ಹಗುರವಾಗಿತ್ತು. ಹಗುರ ಎಷ್ಟೆಂದರೆ ಏನೋ ಕೈಬಿಟ್ಟು ಹೋದಂತೆಯೂ ಇತ್ತು. ಸಾಬೀತಾದ ಮೇಲೆ ಆ ಕಥೆಯಲ್ಲಿ ತಾನು ಹೇಳುವಂಥದ್ದು ಏನುಳಿಯಿತು?

ಮುಂದಿನ ಸೀಟಿನಿಂದ ಅವರ ಊರಿನ ಜಮಾಲಸಾಬ ತಿರುಗಿ ನೋಡಿದ. "ಫಕ್ಕೀರಪ್ಪಣ್ಣ, ರುಮಾಲು ಜೋರ್ ಐತಿ! ಹೋರಿ ಕಥಿ ಹೇಳ್ರಿ ಒಮ್ಮಿ, ದಾರಿ ಸಾಗ್ಲಿ."

ಫಕ್ಕೀರಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಚೆ ಬದಿಯ ಸೀಟಿನಿಂದ ನೀಲಾಂಬಿಕಾ ಅಂದಳು: "ಅವರನ್ನೇನ್ ಕೇಳ್ತೀರಿ? ಅವ್ರು ನೆಲದಾಗ ಬಿದ್ದಿದ್ರು. ನಾ ಹೇಳ್ತೇನಿ, ಕೇಳ್ರಿ."

ಅವಳು ಶುರುಮಾಡಿದಳು. ಅಂದು ಅವಳು ಆ ಬೀದಿಗೆ ಬಂದೇ ಇರಲಿಲ್ಲ, ಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಆದರೂ ಅವಳ ಮಾತಿನಲ್ಲಿ ಹೋರಿ ಹೊರಟಿತು. ಸೂರ್ಯ ಕಾಣದಷ್ಟು ಧೂಳು ಎದ್ದಿತು. ಶರಣಪ್ಪನ ನಗೆಗೆ ಆಲದ ಮರದ ಗಿಳಿಗಳೆಲ್ಲ ಹಾರಿದವು. ಎರಡು ಕೊಬ್ಬರಿ ಇಪ್ಪತ್ತೆರಡಾದವು. ಇಪ್ಪತ್ತೆರಡಲ್ಲ, ಎರಡು ಎಂದು ಹೇಳಲು ಫಕ್ಕೀರಪ್ಪ ಬಾಯಿ ತೆರೆದ. ಸುತ್ತಲಿನ ಸೀಟಿನವರೆಲ್ಲ ಅವಳ ಕಡೆಗೇ ತಿರುಗಿದ್ದರು. ಹೋರಿ ತಿರುವಿನಲ್ಲಿ ಮೈ ಮುರಿದದ್ದನ್ನು ತೋರಿಸಲು ಅವಳು ಬಲಗೈಯನ್ನು ಮೇಲೆತ್ತಿ, ಅಲ್ಲೇ ತಡೆದು ನಿಲ್ಲಿಸಿದ್ದಳು.

ಫಕ್ಕೀರಪ್ಪ ಸೀಟಿನ ಸರಳಿನ ಮೇಲೆ ಗದ್ದ ಊರಿ ಮುಂದಕ್ಕೆ ಬಗ್ಗಿದ.

"ಆಮ್ಯಾಲೇನಾತ್ರಿ?" ಎಂದು ಕೇಳಿದ.