ನಮ್ಮದೇನೂ ಷರತ್ತಿಲ್ಲ

ಎತ್ತಿನ ವ್ಯಾಪಾರದಲ್ಲಿ ನಮ್ಮ ಅಬ್ಬಾ ನೂರಮಹಮ್ಮದರನ್ನು ಮೀರಿಸುವವರು ಜತ್ತದ ಸಂತೆಯಲ್ಲಿ ಯಾರೂ ಇಲ್ಲ. ಹಲ್ಲು ನೋಡುವುದಕ್ಕಿಂತ ಮೊದಲೇ ಷರತ್ತು ಹಾಕುತ್ತಾರೆ: ನೇಗಿಲ ಗಳೆ ಹೂಡಿ ನೋಡುತ್ತೇನೆ, ಎತ್ತು ಸಾಲಿನಲ್ಲಿ ಮಲಗಿದರೆ ತಿರುಗಿ ಹೊಡೆದುಕೊಂಡು ಬರುತ್ತೇನೆ. ಮಾರುವವನು "ನನ್ನ ಮಾತಿನ ಮ್ಯಾಲ ವಿಶ್ವಾಸ ಇಲ್ಲೇನ್ರಿ?" ಎಂದರೆ ಅಬ್ಬಾನ ಉತ್ತರ ಯಾವಾಗಲೂ ಒಂದೇ.

"ವಿಶ್ವಾಸ ಐತಿ. ಆದ್ರ ಯಾವ ಮಾತು ಮುರದ್ರ ವ್ಯಾಪಾರನ ಮುರೀಬೇಕೋ, ಅಂಥಾದಕ್ಕ ಶರ್ತು ಅಂತಾರ. ಉಳದದ್ದು ಬರೇ ಆಸಿ."

ಊಟಕ್ಕೆ ಕೂತಾಗಲೂ ಇದನ್ನೇ ಹೇಳಿ ಹೇಳಿ, ನನಗೂ ನಮ್ಮಕ್ಕ ರುಬಿನಾ ಆಪಾಳಿಗೂ ಬಾಯಿಪಾಠವಾಗಿದೆ.

ಇಂಥ ಅಬ್ಬಾ, ಆಪಾಳ ಮದುವೆಯ ಮಾತಿಗೆ ಡಫಳಾಪುರದವರು ಬಂದ ದಿನ ಬೆಣ್ಣೆಯಂತೆ ಮೆತ್ತಗಾಗಿದ್ದರು. ಹುಡುಗ ಅಕೀಲ, ನೀರಿನ ಪಂಪಿನ ಮೋಟಾರು ರಿಪೇರಿ ಮಾಡುವವನು. ಆಪಾಳಿಗೆ ಒಪ್ಪಿಗೆಯಿತ್ತು. ಅವನ ಜೊತೆ ತಾಯಿ ಖುರಷೀದ ಬಾನು ಮತ್ತು ಚಾಚಾ ಬಂದಿದ್ದರು. ಮಾತೆಲ್ಲ ಮುಗಿಯುವ ಹೊತ್ತಿಗೆ ಚಾಚಾ ಕೇಳಿದರು.

"ನಿಮ್ಮ ಕಡಿಂದ ಏನರೆ ಶರ್ತು ಇದ್ರ ಹೇಳ್ರಿ. ನಿಕಾಹನಾಮಾದ ಕಾಗದದಾಗ ಬರಸೂಣು."

"ಛೆ, ನಮ್ಮದೇನೂ ಶರ್ತಿಲ್ರಿ" ಎಂದುಬಿಟ್ಟರು ಅಬ್ಬಾ, ಎದೆಯ ಮೇಲೆ ಕೈಯಿಟ್ಟು. ಹೆಣ್ಣಿನ ಕಡೆಯವರು ಹಾಗೆನ್ನುವುದೇ ನಮ್ಮಲ್ಲಿ ಮರ್ಯಾದೆ. ಕೇಳುವವರೂ ಆ ಉತ್ತರಕ್ಕಾಗಿಯೇ ಕೇಳುತ್ತಾರೆ.

ಒಳಗೆ ಚಹಾ ಸೋಸುತ್ತಿದ್ದ ಆಪಾಳ ಕೈ ನಿಂತಿತು. ಜತ್ತದ ಬಸ್‌ಸ್ಟ್ಯಾಂಡಿನ ಹಿಂದೆ ಅವಳದೊಂದು ಹೊಲಿಗೆ ಅಂಗಡಿಯಿದೆ. ಬಾಗಿಲ ಮೇಲೆ ಅವಳದೇ ಹೆಸರಿನ ಬೋರ್ಡು. ಮದುವೆಯಾದ ಮೇಲೂ ಅಂಗಡಿ ನಡೆಯಬೇಕು ಎಂದು ಅವಳು ಅಬ್ಬಾನಿಗೆ ಮೊದಲೇ ಹೇಳಿದ್ದಳು, ಅವರು ಹೂಂಗುಟ್ಟಿದ್ದರು. ನನಗಂತೂ ಮೈಯೆಲ್ಲ ಉರಿಯಿತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಎತ್ತಿಗೆ ಷರತ್ತು ಹಾಕುವ ಮನುಷ್ಯನಿಗೆ ಮಗಳ ಷರತ್ತು ನೆನಪಾಗಲಿಲ್ಲ.

ಆಪಾ ಚಹಾದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ತಾನೇ ಹೊರಗೆ ಹೋದಳು.

"ನಂದೊಂದು ಐತ್ರಿ. ನನ್ನ ಅಂಗಡಿ ನಾ ನಡಸತೀನಿ. ದಿನಾ ಡಫಳಾಪುರದಿಂದ ಜತ್ತಕ್ಕ ಬರತೀನಿ."

ಚಾಚಾ ನಕ್ಕರು. "ಇಷ್ಟ ಏನವ್ವ? ಬ್ಯಾಡ ಅನ್ನವರ್ಯಾರು? ಅದನ್ನ ಬರಿಯೂದ್ಯಾಕ, ಮಾತ ಸಾಕು."

"ಬರೇ ಮಾತಾದ್ರ ಅದು ಆಸಿ ಆಗತೈತ್ರಿ" ಎಂದಳು ಆಪಾ. ಅವಳು ನೋಡುತ್ತಿದ್ದದ್ದು ಚಾಚಾನನ್ನಲ್ಲ, ಅಬ್ಬಾನನ್ನು.

ಅಬ್ಬಾ ಟೋಪಿ ತೆಗೆದು ತಲೆ ಒರೆಸಿಕೊಂಡರು. ಅವರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಸಂತೆಯಲ್ಲಿ ಯಾರೂ ಕಂಡಿಲ್ಲ. ಅಂಥವರು ಎದ್ದು ನಿಂತರು.

"ತಪ್ಪಿ ಹೇಳಿದ್ನಿರಿ. ನಮ್ಮದು ಶರ್ತು ಐತಿ. ಅದು ಮುರದ್ರ ನನ್ನ ಮನಿ ಬಾಗಲಾ ಮಗಳಿಗೆ ತೆರದ ಇರತೈತಿ. ಇದನ್ನೂ ಬರಸ್ರಿ."

ಚಾಚಾನ ಮುಖ ಕಪ್ಪಿಟ್ಟಿತು. ಸಂಬಂಧ ಹೋಯಿತು ಎಂದುಕೊಂಡೆ. ಆಗ ಖುರಷೀದ ಬಾನು ಬಾಯಿ ಬಿಟ್ಟರು.

"ಬರಸೂಣ್ರಿ. ನನ್ನ ನಿಕಾಹನಾಮಾದಾಗ ಶರ್ತಿನ ಜಾಗಾ ಖಾಲಿ ಬಿಟ್ಟಿದ್ರು. ನಾ ಕಸೂತಿ ಭಾಳ ಚಲೋ ಹಾಕತಿದ್ದೆ. ಗಂಡನ ಮನ್ಯಾಗ ಯಾರೂ ಬ್ಯಾಡ ಅನ್ನಲಿಲ್ಲ. ಆದ್ರ ಒಂದ ದಿನಾನೂ ಸೂಜಿ ಹಿಡೀಲಿಕ್ಕ ಆಗಲಿಲ್ಲ."

ಖುರಷೀದ ಬಾನು ಮಗನ ಕಡೆ ತಿರುಗಿ, "ಏನಪಾ ಅಕೀಲ?" ಎಂದರು.

"ಮುಂಜಾನೆ ಎಸ್.ಟಿ. ಬಸ್ಸು ಐತಲ್ಲ" ಎಂದ ಅಕೀಲ, ನೆಲ ನೋಡುತ್ತ. "ತಪ್ಪಿದ್ರ ಗಾಡಿ ಮ್ಯಾಲ ನಾನ ಬಿಟ್ಟ ಬರತೀನಿ."

ನನ್ನ ಪಾಲಿಗೆ ಅವನು ಭಾವನಾದದ್ದು ಆಗಲೇ. ನಿಕಾಹ ಆಮೇಲೆ ಆಯಿತು, ಅಷ್ಟೇ.

ಈಗ ಆಪಾ ದಿನವೂ ಅಂಗಡಿಗೆ ಬರುತ್ತಾಳೆ. ಕೆಲವು ಸಲ ಖುರಷೀದ ಬಾನು ಕೂಡ ಅವಳ ಜೊತೆ ಬಸ್ಸು ಹತ್ತುತ್ತಾರೆ. ಕಿಟಕಿಯ ಬೆಳಕಿಗೆ ಕೂತು ಗಿರಾಕಿಗಳ ಕುಪ್ಪಸಕ್ಕೆ ಕಸೂತಿ ಹಾಕುತ್ತಾರೆ. ಕಣ್ಣು ಮಂಜು ಎಂದು ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಡುತ್ತಾರೆ. ಕಾಲೇಜು ಮುಗಿಸಿ ಅಲ್ಲಿಗೆ ಹೋಗಿ ಕೂರುವುದೆಂದರೆ ನನಗೆ ಬಲು ಖುಷಿ.

ಹೋದ ವಾರ ನನ್ನನ್ನು ನೋಡಲು ವಳಸಂಗದಿಂದ ಜನ ಬಂದಿದ್ದರು. ಅವರಿನ್ನೂ ಸರಿಯಾಗಿ ಕೂತಿರಲಿಲ್ಲ, ಅಬ್ಬಾ ಅಡುಗೆಮನೆಯ ಕಡೆ ಮುಖ ಮಾಡಿ ಕರೆದರು.

"ನಾಹಿದಾ, ಚಹಾ ಆಮ್ಯಾಲ ತಾ. ಮೊದಲ ನಿನ್ನ ಶರ್ತು ಹೇಳ ಬಾ."